ನಟ್ಟು ಬಿಗಿದ ಕೈ ಮತ್ತು ಮೊದಲ ಶೀಲ



ಉಪಾಸಕ ಮಾಡಬಾರದ ವ್ಯಾಪಾರಗಳು ಐದು ಎಂದು ಅಂಗುತ್ತರ ನಿಕಾಯದಲ್ಲಿ ಬರುತ್ತದೆ: ಶಸ್ತ್ರ, ಮನುಷ್ಯರು, ಮಾಂಸ, ಮದ್ಯ, ವಿಷ. ಪಟ್ಟಿಯಲ್ಲಿ ಮೊದಲನೆಯದೇ ಶಸ್ತ್ರ. ನಾನು 20 ವರ್ಷ ವಾಯುಪಡೆಯಲ್ಲಿ ಟೆಕ್ನೀಷಿಯನ್ ಆಗಿದ್ದವನು. ಇವತ್ತು ನಮ್ಮ ಮನೆಯ ಒಲೆ ಉರಿಯುವುದು ಆ ಪಿಂಚಣಿಯಿಂದಲೇ. ಹಾಗಾಗಿ ಸಮ್ಯಕ್ ಆಜೀವದ ಪಾಠ ಬಂದಾಗಲೆಲ್ಲ ಈ ಸಾಲನ್ನು ದಾಟಿ ಮುಂದಕ್ಕೆ ಹೋಗಲು ನನಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ನಾನು ಶಸ್ತ್ರ ಮಾರಲಿಲ್ಲ, ಬಾಂಬು ಹಾಕಲಿಲ್ಲ, ವಿಮಾನ ಹಾರಿಸಲೂ ಇಲ್ಲ. ಬೆಳಗಾವಿಯ ಸಾಂಬ್ರಾದಲ್ಲಿ ಕವಾಯತು ಕಲಿತು, ಆಮೇಲೆ ಟ್ರೇಡಿನ ತರಬೇತಿ ಮುಗಿಸಿ, ಏರ್‌ಫ್ರೇಮ್ ಫಿಟ್ಟರ್ ಆದವನು. ವಿಮಾನದ ಮೈ, ಚಕ್ರ, ಬ್ರೇಕು, ಹೈಡ್ರಾಲಿಕ್ ಪೈಪು ನಮ್ಮ ಪಾಲಿಗೆ. ಮಿಗ್-21 ಇಳಿಯುವಾಗ ವೇಗ ತಗ್ಗಿಸಲು ಬಾಲದಿಂದ ಒಂದು ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತಿತ್ತು. ಅದೂ ನಮ್ಮದೇ. ಬಾಂಬು ಕಟ್ಟುವವರು ಬೇರೆ, ಅವರು ಆರ್ಮಮೆಂಟ್ ಟ್ರೇಡಿನವರು. ಎಂಜಿನ್ ನೋಡುವವರು ಬೇರೆ. ‘ನಾನು ಬರೀ ನಟ್ಟು ಬಿಗಿದವನು’ ಎಂದುಬಿಟ್ಟರೆ ಮಾತು ಮುಗಿಯಿತು. ನಮ್ಮಲ್ಲಿ ಬಹಳ ಜನ ಹಾಗೇ ಮುಗಿಸುತ್ತಾರೆ. ನನಗೆ ಹಾಗೆ ಮುಗಿಸಲು ಮನಸ್ಸಿಲ್ಲ.

ಯಾಕೆಂದರೆ ಈ ನೆಪ ನಮ್ಮ ಜನಕ್ಕೆ ಹಳೆಯ ಪರಿಚಯ. ಊರಲ್ಲಿ ಅಪ್ಪನಿಗೆ ಚಹಾ ಬೇರೆ ಲೋಟದಲ್ಲಿ ಬರುತ್ತಿತ್ತು. ಕೇಳಿದರೆ ಹೋಟೆಲಿನವನು ‘ಗಿರಾಕಿ ಬಿಟ್ಟು ಹೋಗ್ತಾರ, ನಾ ಏನ್ ಮಾಡ್ಲಿ’ ಅನ್ನುತ್ತಿದ್ದ. ಗಿರಾಕಿ ‘ಹೋಟೆಲಿನ ಪದ್ಧತಿ’ ಅನ್ನುತ್ತಿದ್ದ. ಗೌಡ ‘ಊರಿನ ರೂಢಿ’ ಎಂದ, ಪೂಜಾರಿ ‘ಶಾಸ್ತ್ರ’ ಎಂದ. ಕೆಲಸ ನಾಲ್ಕು ಕೈಗೆ ಹಂಚಿಹೋಗಿತ್ತು, ಹಾಗಾಗಿ ಯಾರ ಕೈಗೂ ಹೊಲಸು ಹತ್ತಿರಲಿಲ್ಲ. ಲೋಟ ಮಾತ್ರ ಬೇರೆಯೇ ಇತ್ತು. ಜಾತಿ ಎಂದರೆ ಕೆಲಸದ ವಿಭಜನೆಯಷ್ಟೇ ಅಲ್ಲ, ಕೆಲಸಗಾರರದೇ ವಿಭಜನೆ ಎಂದು ಬಾಬಾಸಾಹೇಬರು ತೋರಿಸಿಕೊಟ್ಟರು. ಅದರ ಜೊತೆಗೆ ಹೊಣೆಯೂ ಹೀಗೆ ಚೂರುಚೂರಾಗಿ ಕಾಣೆಯಾಗುತ್ತದೆ ಅನ್ನುವುದು ನನ್ನ ಅನುಭವ. ಆ ನೆಪದ ಪೆಟ್ಟು ತಿಂದವರು ನಾವೇ ಅದನ್ನು ಎತ್ತಿಕೊಂಡು ಬಳಸುವುದು ಹೇಗೆ?

ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ವಾಯುಪಡೆಯಲ್ಲಿ ಫಾರಂ 700 ಎಂಬ ಪುಸ್ತಕವಿದೆ, ಪ್ರತಿ ವಿಮಾನಕ್ಕೂ ಒಂದು. ಹಾರುವ ಮೊದಲು ಒಬ್ಬೊಬ್ಬ ಟ್ರೇಡಿನವನೂ ತನ್ನ ಭಾಗ ನೋಡಿ ಸಹಿ ಹಾಕಬೇಕು. ಪೈಲಟ್ ಆ ಸಹಿಗಳನ್ನು ನೋಡಿ, ತಾನೂ ಸಹಿ ಮಾಡಿ, ಏಣಿ ಹತ್ತುತ್ತಾನೆ. ಅಪ್ಪ ಹೆಬ್ಬೆಟ್ಟು ಒತ್ತುವವರು. ಅವರ ಮಗನ ಸಹಿಯ ಮೇಲೆ, ನಾನು ಯಾವ ಕೇರಿಯವನು ಎಂದು ಕೇಳದೆ, ಒಬ್ಬ ಮನುಷ್ಯ ತನ್ನ ಜೀವ ಇಡುತ್ತಿದ್ದ. ಕೆಲಸ ಮುಗಿದ ಮೇಲೆ ಸಲಕರಣೆಗಳ ಎಣಿಕೆ ಆಗಬೇಕು. ಒಂದು ಕಡಿಮೆಯಾದರೂ ವಿಮಾನ ನೆಲ ಬಿಡುವಂತಿಲ್ಲ. ಒಮ್ಮೆ ಅಂಗೈಗಿಂತ ಚಿಕ್ಕ ಇಕ್ಕಳಕ್ಕಾಗಿ ರಾತ್ರಿ ಎರಡು ಗಂಟೆಯವರೆಗೆ ಎಂಟು ಜನ ಟಾರ್ಚು ಹಿಡಿದು ಹುಡುಕಿದ್ದೇವೆ. ಸಮ್ಯಕ್ ಸ್ಮೃತಿ ಎಂಬ ಪದ ನನಗೆ ಆಮೇಲೆ ಗೊತ್ತಾಯಿತು, ಅಭ್ಯಾಸ ಮೊದಲೇ ಆಗಿತ್ತು.

ಸಮವಸ್ತ್ರ ನಮ್ಮವರಿಗೆ ಕೊಟ್ಟದ್ದು ಸಣ್ಣದಲ್ಲ. ಬಾಬಾಸಾಹೇಬರು 1891ರಲ್ಲಿ ಹುಟ್ಟಿದ್ದು ಮಹೂ ದಂಡಿನಲ್ಲಿ. ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರು, ದಂಡಿನ ಶಾಲೆಯಲ್ಲಿ ಕಲಿಸುತ್ತಿದ್ದವರು. ಆ ಮನೆಗೆ ಅಕ್ಷರ ಬಂದದ್ದು ಆ ದಾರಿಯಿಂದ. ಮುಂದೆ ಬ್ರಿಟಿಷರು ಮಹಾರರ ಭರ್ತಿಯನ್ನೇ ನಿಲ್ಲಿಸಿದಾಗ ನಮ್ಮ ಹಿರಿಯರು ಅರ್ಜಿಯ ಮೇಲೆ ಅರ್ಜಿ ಬರೆದರು. ಮಹಾರ್ ರೆಜಿಮೆಂಟ್ ಆದದ್ದು 1941ರಲ್ಲಿ. ಆ ಅರ್ಜಿ ಬರೆದವರಿಗೆ ಬೇಕಾಗಿದ್ದದ್ದು ಮನುಷ್ಯರಾಗಿ ನಿಲ್ಲುವ ಒಂದು ಜಾಗ. ಅವರನ್ನು ಹಿಂಸೆಯ ಪಕ್ಷದವರು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಧಮ್ಮ ಏನು ಹೇಳುತ್ತದೆ? ವೈಶಾಲಿಯ ಸೀಹ ಸೇನಾಪತಿ ಬುದ್ಧರ ಉಪಾಸಕನಾದ. ಆ ಸುತ್ತದಲ್ಲಿ ಬುದ್ಧರು ಅವನಿಗೆ ಸೇನಾಪತಿ ಪದವಿ ಬಿಡು ಎಂದಿಲ್ಲ. ನಮ್ಮ ನಿವೃತ್ತ ಸೈನಿಕರಿಗೆ ಈ ಕಥೆ ಬಲು ಇಷ್ಟ. ಆದರೆ ಸಂಯುತ್ತ ನಿಕಾಯದಲ್ಲಿ ಯೋಧಾಜೀವನ ಕಥೆಯೂ ಇದೆ, ಅದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಯುದ್ಧದಲ್ಲಿ ಸತ್ತವನು ಸ್ವರ್ಗಕ್ಕೆ ಹೋಗುತ್ತಾನಂತೆ, ನಿಜವೇ ಎಂದು ಅವನು ಕೇಳುತ್ತಾನೆ. ಬುದ್ಧರು ಅದನ್ನು ಕೇಳಬೇಡ ಎನ್ನುತ್ತಾರೆ. ಮೂರನೇ ಸಲವೂ ಕೇಳಿದಾಗ ಹೇಳುತ್ತಾರೆ: ಎದುರಿನವರು ಸಾಯಲಿ, ನಾಶವಾಗಲಿ ಎಂದು ತುಡಿಯುವ ಮನಸ್ಸು ಆಗಲೇ ಕೆಳಗಿಳಿದಿರುತ್ತದೆ, ಅಂಥ ಮನಸ್ಸಿಗೆ ಸ್ವರ್ಗವಿಲ್ಲ. ಯೋಧ ಅಳುತ್ತಾನೆ. ಬುದ್ಧರ ಮಾತು ನೋಯಿಸಿತೆಂದು ಅಲ್ಲ, ಹಿಂದಿನ ಗುರುಗಳು ಇಷ್ಟು ಕಾಲ ತನ್ನನ್ನು ವಂಚಿಸಿದರಲ್ಲ ಎಂದು.

ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಈ ಗಂಟನ್ನು ಬಿಡಿಸುತ್ತಾರೆ. ಕೊಲ್ಲುವ ಇಚ್ಛೆ ಬೇರೆ, ಕೊಲ್ಲುವ ಅಗತ್ಯ ಬೇರೆ. ಅಹಿಂಸೆ ಒಂದು ತತ್ತ್ವ, ಕಟ್ಟಳೆಯಲ್ಲ. ಕಟ್ಟಳೆ ಮನುಷ್ಯನನ್ನು ಕಟ್ಟಿಹಾಕುತ್ತದೆ, ತತ್ತ್ವ ಅವನ ವಿವೇಚನೆಗೆ ಬಿಡುತ್ತದೆ. ಇದನ್ನು ಓದಿ ಹಗುರಾಗುವವರಿದ್ದಾರೆ. ನನಗೆ ಭಾರವೇ ಹೆಚ್ಚಾಯಿತು. ಕಟ್ಟಳೆಯಾಗಿದ್ದರೆ ಪಾಲಿಸಿಯೋ ಮುರಿದೋ ಸುಮ್ಮನಾಗಬಹುದಿತ್ತು. ತತ್ತ್ವವಾದರೆ ವಿಚಾರ ಮಾಡಬೇಕು. ಅಗತ್ಯವೋ ಅಲ್ಲವೋ ಎಂದು ಹ್ಯಾಂಗರಿನಲ್ಲಿ ನಿಂತ ಸಾರ್ಜೆಂಟನನ್ನು ಯಾರೂ ಕೇಳುವುದಿಲ್ಲವಲ್ಲ!

1999ರ ಮೇ 26ರಂದು ಕಾರ್ಗಿಲ್‌ನಲ್ಲಿ ವಿಮಾನದಾಳಿ ಶುರುವಾಯಿತು. ನಾನಾಗ ಮಿಗ್-21ರ ಮೇಲಿದ್ದೆ. ನಮ್ಮ ಬೆಟ್ಟಗಳ ಮೇಲೆ ಬಂದು ಕುಳಿತವರನ್ನು ಇಳಿಸಬೇಕಿತ್ತು, ನಿಯಂತ್ರಣ ರೇಖೆ ದಾಟಬಾರದು ಎಂಬ ಆದೇಶವೂ ಇತ್ತು. ಅಗತ್ಯವಿತ್ತು ಎಂದೇ ಇಂದಿಗೂ ನನ್ನ ತಿಳುವಳಿಕೆ. 27ರಂದು ಎರಡು ಯುದ್ಧವಿಮಾನ ಹೋದವು, ಮರುದಿನ ಒಂದು ಎಂಐ-17 ಹೆಲಿಕಾಪ್ಟರ್. ಅದರಲ್ಲಿದ್ದ ನಾಲ್ವರೂ ಉಳಿಯಲಿಲ್ಲ, ಇಬ್ಬರು ನಮ್ಮಂತೆ ಸಾರ್ಜೆಂಟರು. ಆ ದಿನಗಳಲ್ಲಿ ವಿಮಾನ ಹೊರಟ ಮೇಲೆ ಯಾರೂ ಚಹಾ ಕುಡಿಯುತ್ತಿರಲಿಲ್ಲ, ಆಕಾಶ ನೋಡುತ್ತಾ ನಿಲ್ಲುತ್ತಿದ್ದೆವು. ದೂರದಲ್ಲಿ ಚುಕ್ಕೆ ಕಂಡು, ಅದು ಇಳಿದು, ಬಾಲದ ಪ್ಯಾರಾಚೂಟ್ ಬಿಚ್ಚಿಕೊಂಡಾಗ ಟಾರ್ಮ್ಯಾಕಿನ ಮೇಲೆ ಕೂಗು ಏಳುತ್ತಿತ್ತು.

ಆ ಕೂಗಿನಲ್ಲಿ ಎರಡು ಸಂತೋಷ ಬೆರೆತಿದ್ದವು. ಹೋದವನು ಜೀವಂತ ಬಂದ ಎಂಬುದು ಒಂದು. ಅಲ್ಲಿ ಯಾರೋ ಸತ್ತರು ಎಂಬುದು ಇನ್ನೊಂದು. ಸಂಜೆ ಕ್ರೂ ರೂಮಿನ ಟಿವಿ ಮುಂದೆ ಎರಡನೆಯದೇ ದೊಡ್ಡದಾಗುತ್ತಿತ್ತು, ಕ್ರಿಕೆಟ್ ಸ್ಕೋರು ಹೇಳಿದಂತೆ. ನಮ್ಮ ಜೊತೆಗಿದ್ದ ಕೇರಳದ ಒಬ್ಬ ಹಿರಿಯ ವಾರಂಟ್ ಆಫೀಸರ್ ಆ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ವಿಮಾನದ ಕೆಳಗೆ ಇರುತ್ತಿದ್ದರು. ಮೊದಲ ಶೀಲದ ಪ್ರಶ್ನೆ ನಮ್ಮಂಥವರಿಗೆ ಎದುರಾಗುವುದು ಸ್ಪ್ಯಾನರ್ ಹಿಡಿದಾಗಿಗಿಂತ ಆ ಟಿವಿ ಮುಂದೆಯೇ ಹೆಚ್ಚು ಎಂದು ನನಗನ್ನಿಸುತ್ತದೆ. ಅಗತ್ಯವನ್ನು ನಿರ್ಧರಿಸುವವರು ಬೇರೆ, ಸರಿ. ಇಚ್ಛೆ ಮಾತ್ರ ಅವರವರದೇ.

ಮುಂದೆ ನನ್ನನ್ನು ಎಎನ್-32 ಸಾಗಣೆ ವಿಮಾನಕ್ಕೆ ಹಾಕಿದರು. 2001ರ ಜನವರಿ 26ರಂದು ಭುಜ್ ಭೂಕಂಪವಾಯಿತು, ಅದೇ ಕೈ ಬಿಗಿದ ಚಕ್ರಗಳ ಮೇಲೆ ಔಷಧಿ, ಕಂಬಳಿ ಹೋದವು. ಗೆಳೆಯರು ‘ಅದಕ್ಕೆ ಇದು ಸರಿಹೋಯ್ತು ಬಿಡಿ’ ಅನ್ನುತ್ತಾರೆ. ಪಾಪದ ಖಾತೆಯಿಂದ ಕಳೆದು ಪುಣ್ಯದ ಖಾತೆಗೆ ಸೇರಿಸುವ ಆ ಲೆಕ್ಕವನ್ನು ನಾವು ಬಿಟ್ಟು ಬಂದವರಲ್ಲವೇ? ಕಂಬಳಿ ಕಂಬಳಿಯೇ, ಬಾಂಬು ಬಾಂಬೇ. ಎರಡರಲ್ಲೂ ನನ್ನ ಪಾಲಿದೆ.

ಇದನ್ನೆಲ್ಲ ಈಗ ಬರೆಯಲು ಕಾರಣ, ನಮ್ಮ ಓಣಿಯ ಒಬ್ಬ ಹುಡುಗ ಅಗ್ನಿವೀರ್ ವಾಯು ಪರೀಕ್ಷೆಗೆ ಓದುತ್ತಿದ್ದಾನೆ. ನಾಲ್ಕು ವರ್ಷದ ನೌಕರಿ, ಆಮೇಲೆ ಹೆಚ್ಚೆಂದರೆ ನೂರಕ್ಕೆ 25 ಜನರನ್ನು ಇಟ್ಟುಕೊಳ್ಳುತ್ತಾರೆ, ಉಳಿದವರಿಗೆ ಪಿಂಚಣಿ ಇಲ್ಲ. ‘ಹೋಗಲೋ ಬೇಡವೋ ಕಾಕಾ, ಪಂಚಶೀಲ ತೊಗೊಂಡೀನಿ’ ಎಂದು ಕೇಳಿದ. ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಲೋಟದ ಕಥೆ ಹೇಳಿದೆ, ಫಾರಂ 700ರ ಕಥೆ ಹೇಳಿದೆ, ಯೋಧಾಜೀವ ಯಾಕೆ ಅತ್ತ ಎಂಬುದನ್ನು ಎರಡು ಸಲ ಹೇಳಿದೆ. ಅವನು ಗಣಿತದ ಪುಸ್ತಕ ಮುಚ್ಚಿ ಕೇಳಿಸಿಕೊಂಡ. ಕೊನೆಗೆ ‘ಆ ಕೇರಳದ ಸಾಹೇಬರು ನೌಕರಿ ಬಿಟ್ರಾ?’ ಅಂದ. ಇಲ್ಲಪ್ಪ, ಪೂರ್ತಿ ಅವಧಿ ಮುಗಿಸಿಯೇ ನಿವೃತ್ತರಾದರು ಅಂದೆ.