ಹುಲ್ಲಿನ ಮೇಲಿಟ್ಟ ನಾಣ್ಯ

ದಕ್ಷಿಣ ಫ್ರಾನ್ಸಿನ ಮೋಂ ಲೊಜೇರ್ ಪರ್ವತದ ಮಗ್ಗುಲಲ್ಲಿರುವ ಕೆಲವು ಕುಗ್ರಾಮಗಳಲ್ಲಿ ಚರ್ಚ್ ಇಲ್ಲ, ಆದರೆ ಗಂಟೆ ಇದೆ. ಸೆರ್ವಿಯೆಸ್, ಔರಿಯಾಕ್, ಲಾ ಫಾಜ್. ಬೆರಳೆಣಿಕೆಯಷ್ಟು ಮನೆಗಳ ನಡುವೆ ಒರಟು ಗ್ರಾನೈಟ್ ಕಲ್ಲಿನಲ್ಲಿ ಕಟ್ಟಿದ ಗಿಡ್ಡ ಗೋಪುರ, ಅದರ ತಲೆಯಲ್ಲಿ ತೂಗುಬಿಟ್ಟ ಗಂಟೆ. ಚಳಿಗಾಲದಲ್ಲಿ ಆ ಎತ್ತರದ ಬಯಲಿನಲ್ಲಿ ಹಿಮ, ಗಾಳಿ, ಮಂಜು ಮೂರೂ ಒಟ್ಟಿಗೆ ಎದ್ದರೆ ನಡೆಯುವವನಿಗೆ ತನ್ನ ಕಾಲೇ ಕಾಣುವುದಿಲ್ಲ. ಆ ಬಿರುಗಾಳಿಗೆ ಅಲ್ಲಿಯವರು ‘ತೂರ್ಮೋಂತ್’ ಎನ್ನುತ್ತಾರೆ. ಅದು ಎದ್ದಿತೆಂದರೆ ಊರಿನವರು ಹೊರಬಂದು ಗಂಟೆ ಬಾರಿಸಲು ಶುರುಮಾಡುತ್ತಿದ್ದರು. ಗಾಳಿ ನಿಲ್ಲುವವರೆಗೆ, ಬೇಕಾದರೆ ರಾತ್ರಿಯಿಡೀ. ಹೊರಗೆ ಯಾರಾದರೂ ಇದ್ದಾರೆಯೇ ಎಂಬುದು ಬಾರಿಸುವವನಿಗೆ ಗೊತ್ತಿರುತ್ತಿರಲಿಲ್ಲ. ಇರಬಹುದು ಎಂಬುದಷ್ಟೇ ಸಾಕಾಗಿತ್ತು.

ಕಾಲುದಾರಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ನೋಟದ ಸೊಬಗನ್ನೇ ಬರೆಯುತ್ತಾರೆ. ಮೋಂ ಲೊಜೇರ್‌ನಲ್ಲಿ ಅದಕ್ಕೇನೂ ಕೊರತೆಯಿಲ್ಲ. ಅದರ ದಕ್ಷಿಣದ ಬುಡದಲ್ಲಿ ಲ ಪೋಂ ದ ಮೋಂವೆರ್ ಎಂಬ ಪುಟ್ಟ ಹಳ್ಳಿ. ತಾರ್ನ್ ನದಿ ಇನ್ನೂ ಎಳೆಯ ಹೊಳೆಯಾಗಿ ಬಂಡೆಗಳ ಮೇಲಿಂದ ಧುಮುಕುತ್ತ ಬಂದು ಹಾಯುವ ಜಾಗ. ನಡುಬೆನ್ನು ಉಬ್ಬಿದ ಹಳೆಯ ಕಲ್ಲುಸೇತುವೆ, ಅದರ ಪಕ್ಕದಲ್ಲಿ ಗಡಿಯಾರದ ಗೋಪುರ, ಹೊಳೆಯ ಎರಡೂ ದಡದಲ್ಲಿ ಬೂದುಬಣ್ಣದ ಮನೆಗಳು. ಅಲ್ಲಿಂದ ಹೊರಟ ದಾರಿಗಳು ಕಾಡಿನ ನೆರಳಲ್ಲಿ ಏರುತ್ತ ಏರುತ್ತ ಒಮ್ಮೆಗೇ ಬಯಲಿಗೆ ಬಂದುಬಿಡುತ್ತವೆ. ಪರ್ವತದ ನೆತ್ತಿಯಾದ ಪಿಕ್ ದ ಫಿನಿಯೆಲ್ 1,699 ಮೀಟರ್ ಎತ್ತರದಲ್ಲಿದೆ, ಆದರೆ ಮೊನಚಾದ ಶಿಖರವಲ್ಲ. ಕಿಲೋಮೀಟರ್‌ಗಟ್ಟಲೆ ಹುಲ್ಲು, ಹಳದಿ ಹೂವಿನ ಪೊದೆ, ಯಾರೋ ಗುಡ್ಡೆ ಹಾಕಿಟ್ಟಂತಿರುವ ಗುಂಡುಬಂಡೆಗಳು. ಮಂಜು ಕವಿದರೆ ನಾಲ್ಕು ದಿಕ್ಕೂ ಒಂದೇ.

ಅಂಥ ಬಯಲಿನಲ್ಲಿ ದಾರಿ ಎಂಬುದು ತಾನಾಗಿ ಉಳಿಯುವುದಿಲ್ಲ. ಒಂದು ಹಿಮಗಾಲ, ಎರಡು ಮಳೆಗಾಲ, ನಾಲ್ಕು ವರ್ಷದ ಪೊದೆ ಸಾಕು ಅದನ್ನು ಅಳಿಸಲು. ಅದು ಇಂದಿಗೂ ಇದೆ ಎಂದರೆ ಪ್ರತಿ ತಲೆಮಾರಿನಲ್ಲೂ ಯಾರೋ ಒಬ್ಬರು, ತಾವು ಎಂದೂ ಕಾಣದ ದಾರಿಹೋಕನನ್ನು ನೆನೆದು ಕೈ ಕೆಸರು ಮಾಡಿಕೊಂಡಿದ್ದಾರೆ ಎಂದೇ ಅರ್ಥ. ನನಗೆ ಈ ಬೆಟ್ಟದ ಮೇಲೆ ಅಕ್ಕರೆ ಹುಟ್ಟಿದ್ದು ಅದರ ಸೊಬಗಿನಿಂದಲ್ಲ, ಈ ಕಾಳಜಿಯಿಂದ.

ಮೊದಲು ಈ ದಾರಿಗಳನ್ನು ತುಳಿದವು ಕುರಿಗಳು. ಬೇಸಿಗೆ ಬಂತೆಂದರೆ ಲಾಂಗ್ದೋಕ್‌ನ ಬಿಸಿಲ ಬಯಲುಸೀಮೆಯಿಂದ ಹಿಂಡುಹಿಂಡಾಗಿ ಕುರಿಗಳು ಇಲ್ಲಿನ ತಂಪು ಹುಲ್ಲುಗಾವಲಿಗೆ ಏರಿ ಬರುತ್ತಿದ್ದವು, ಚಳಿ ಶುರುವಾಗುವ ಹೊತ್ತಿಗೆ ಇಳಿದುಹೋಗುತ್ತಿದ್ದವು. ಈಗಲೂ ಕೆಲವು ಹಿಂಡುಗಳು ಬರುತ್ತವೆ. ಆ ಅಗಲವಾದ ಕುರಿಹಾದಿಗಳಿಗೆ ‘ದ್ರಾಯ್’ ಎಂದು ಹೆಸರು. ಇಂದಿನ ಚಾರಣದ ದಾರಿಗಳಲ್ಲಿ ಹಲವು ಅವುಗಳ ಮೇಲೆಯೇ ಸಾಗುತ್ತವೆ. 2011ರಲ್ಲಿ ಯುನೆಸ್ಕೊ, ಮೋಂ ಲೊಜೇರ್ ಸೇರಿದಂತೆ ಕೋಸ್ ಮತ್ತು ಸೆವೆನ್ ಎಂಬ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಕೋಟೆಗಳಿಗಾಗಲಿ ಅರಮನೆಗಳಿಗಾಗಲಿ ಅಲ್ಲ, ಬೇಸಾಯ ಮತ್ತು ಕುರಿಗಾಹಿಗಳ ಬದುಕು ರೂಪಿಸಿದ ನೆಲಕ್ಕೆ. ಅದು ಸರಿಯಾದ ಗೌರವ. ಕುರಿಗಾಹಿಗಳ ಹಾದಿ ಮಂಜಿನಲ್ಲಿ ತಪ್ಪದಿರಲೆಂದು ಬಯಲಿನುದ್ದಕ್ಕೂ ಆಳೆತ್ತರದ ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದಾರೆ. ಒಂದು ಕಲ್ಲಿನ ಹತ್ತಿರ ನಿಂತರೆ ಮುಂದಿನದು ಕಾಣಬೇಕು, ಅಷ್ಟೇ ಲೆಕ್ಕ.

ಪಶ್ಚಿಮಕ್ಕೆ ಶಾಂ ದೆ ಬೋಂದೋಂ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯಲ್ಲಿ ಇನ್ನೂ ಹಳೆಯ ನಿಲುಗಲ್ಲುಗಳಿವೆ, ಇತಿಹಾಸಪೂರ್ವ ಕಾಲದವು, ನೂರೈವತ್ತಕ್ಕೂ ಹೆಚ್ಚು. ನೆಲ ಸುಣ್ಣಕಲ್ಲಿನದು, ಕಲ್ಲುಗಳು ಗ್ರಾನೈಟ್. ಎಂದರೆ ಅಷ್ಟನ್ನೂ ಬೇರೆಡೆಯಿಂದ ಎಳೆದು ತಂದು ನಿಲ್ಲಿಸಿದ್ದು. ಏಕೆ ಎಂಬುದು ಆ ಜನರೊಂದಿಗೇ ಹೋಯಿತು.

ಕುರಿಗಾಹಿಗಳ ಆ ಸಾಲುಗಲ್ಲುಗಳನ್ನು ಹಿಡಿದು ನಡೆದವರಲ್ಲಿ ಲೋಕಕ್ಕೆ ಗೊತ್ತಿರುವ ಒಬ್ಬನಿದ್ದಾನೆ. ‘ಟ್ರೆಷರ್ ಐಲೆಂಡ್’ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್. ಅದನ್ನು ಬರೆಯುವ ಮೊದಲು, 1878ರ ಸೆಪ್ಟೆಂಬರ್ 22ರಂದು, ಇಪ್ಪತ್ತೇಳು ವಯಸ್ಸಿನ ಆ ಸ್ಕಾಟ್ಲೆಂಡಿನ ಯುವಕ ಲ ಮೊನಾಸ್ತಿಯೆ ಎಂಬ ಊರಿನಿಂದ ಹೊರಟ. ಎದೆ ಬಲವಿಲ್ಲದ ಮೈ. ಪ್ರೀತಿಸಿದ ಹೆಣ್ಣು ಕಡಲಾಚೆ ಅಮೆರಿಕಕ್ಕೆ ಮರಳಿ ಹೋಗಿದ್ದಳು. ಜೊತೆಗಿದ್ದದ್ದು ಮೊದೆಸ್ತೀನ್ ಎಂಬ ಹೆಣ್ಣುಕತ್ತೆ ಒಂದೇ. ಹನ್ನೆರಡು ದಿನ ನಡೆದು ಸೇಂಟ್ ಜಾನ್ ದು ಗಾರ್ ತಲುಪಿದ. ಮರುವರ್ಷ ಅದರ ಕಥನ ಪುಸ್ತಕವಾಯಿತು. ಆತ ನಡೆದ ದಾರಿಯೇ ಇಂದು ‘ಜಿ.ಆರ್. 70’ ಎಂಬ ಚಾರಣದ ದಾರಿ.

ಆ ನಡಿಗೆಯಲ್ಲಿ ಒಂದು ರಾತ್ರಿ ಮೋಂ ಲೊಜೇರ್‌ನ ಉತ್ತರದ ಇಳಿಜಾರಿನ ಪೈನ್ ಕಾಡಿನಲ್ಲಿ, ತೊರೆಯ ಪಕ್ಕದಲ್ಲಿ, ಆಕಾಶದ ಕೆಳಗೆ ಮಲಗಿದ. ನಡುರಾತ್ರಿ ಕಳೆದು ಎಚ್ಚರವಾಯಿತು. ನಕ್ಷತ್ರ ನೋಡುತ್ತ, ಸಿಗರೇಟು ಸೇದುತ್ತ ಕುಳಿತ. ಎಂಥ ಉತ್ತಮ ಛತ್ರದಲ್ಲೂ ಇಷ್ಟು ಒಳ್ಳೆಯ ಸತ್ಕಾರ ಸಿಕ್ಕಿರಲಿಲ್ಲ ಎನಿಸಿತು. ಬೆಳಗ್ಗೆ ಎದ್ದು ಹೊರಟಾಗ ಅವನಿಗೆ ಒಂದು ಯೋಚನೆ ಬಂತು: ಇಷ್ಟೆಲ್ಲ ಉಪಚಾರ ಪಡೆದು ಸುಮ್ಮನೆ ಹೋಗುವುದು ಹೇಗೆ? ಯಜಮಾನನಿಲ್ಲದ ಛತ್ರ, ಯಾರಿಗೆ ಕೊಡುವುದು? ಕೊನೆಗೆ ನಡೆಯುತ್ತ ನಡೆಯುತ್ತ ದಾರಿಯಂಚಿನ ಹುಲ್ಲಿನ ಮೇಲೆ ನಾಣ್ಯಗಳನ್ನು ಹಾಕುತ್ತ ಹೋದ, ತನ್ನ ಒಂದು ರಾತ್ರಿಯ ಬಾಡಿಗೆ ತೀರುವಷ್ಟು. ಆ ಮೇಲೆ ಸಾಲುಗಲ್ಲುಗಳನ್ನು ಹಿಡಿದು ಬಯಲು ದಾಟಿ ಲ ಪೋಂ ದ ಮೋಂವೆರ್‌ಗೆ ಇಳಿದ.

ಈ ನಾಣ್ಯಗಳನ್ನು ಹುಡುಗಾಟ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪಡೆದದ್ದು ಯಾರಿಂದ ಎಂದು ತಿಳಿಯದಿದ್ದಾಗಲೂ ತೀರಿಸಬೇಕು ಎಂದು ಅನ್ನಿಸುವುದು ದೊಡ್ಡ ಸಂಸ್ಕಾರ. ದಾರಿಯ ವಿಷಯದಲ್ಲಂತೂ ಬೇರೆ ಗತಿಯೇ ಇಲ್ಲ: ಕಲ್ಲು ನೆಟ್ಟವನು ಸತ್ತು ನೂರಾರು ವರ್ಷವಾಗಿರುತ್ತದೆ.

ಕಾಡಿನ ಕಥೆಯೂ ಹೀಗೆಯೇ. ಅಂದಿನ ಸೆವೆನ್ ಬೆಟ್ಟಗಳಲ್ಲಿ ಬಹುಪಾಲು ಬೋಳಾಗಿದ್ದವು. ಇದ್ದಿಲಿಗೆ, ಗಾಜಿನ ಕುಲುಮೆಗೆ, ಮೇವಿಗೆ ಎಂದು ಮರ ಕಡಿದು, ಶರತ್ಕಾಲದ ಬಿರುಮಳೆಗೆ ಮಣ್ಣು ಕೊಚ್ಚಿಹೋಗಿ ಕೆಳಗಿನ ಊರುಗಳಿಗೆ ನೆರೆ ನುಗ್ಗುತ್ತಿತ್ತು. 1860ರಲ್ಲಿ ಬೆಟ್ಟಗಳಿಗೆ ಮರ ನೆಡುವ ಕಾನೂನು ಬಂತು. ದಕ್ಷಿಣಕ್ಕಿರುವ ಎಗ್ವಾಲ್ ಪರ್ವತದಲ್ಲಿ ಜಾರ್ಜ್ ಫಾಬ್ರ್ ಎಂಬ ಅರಣ್ಯಾಧಿಕಾರಿ ದಶಕಗಳ ಕಾಲ ಗಿಡ ನೆಡಿಸಿದ. ಹುಲ್ಲುಗಾವಲು ಕಳೆದುಕೊಂಡ ಕುರಿಗಾಹಿಗಳು ಅವನನ್ನು ವಿರೋಧಿಸಿದರು. ಅವರ ಸಂಕಟವೂ ಸುಳ್ಳಲ್ಲ. ಕಾಡು ಬೆಳೆದ ಕಡೆಯೆಲ್ಲ ಯಾರದೋ ಹಿಂಡು ಹಿಂದೆ ಸರಿಯಬೇಕಾಯಿತು. ಅಲ್ಲಿ ಇಂದು ಬೀಚ್ ಮರದ ನೆರಳಲ್ಲಿ ನಡೆಯುವವರು ಈ ಎರಡನ್ನೂ ನೆನೆಯಬೇಕು.

ಇನ್ನು ನಮ್ಮ ಕಾಲದ ಕೆಲಸಕ್ಕೆ ಬರೋಣ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ದೂರದ ಕಾಲುದಾರಿಗಳನ್ನು ಗುರುತಿಸಲು ಫ್ರಾನ್ಸಿನಲ್ಲಿ ಒಂದು ಸಮಿತಿ ಹುಟ್ಟಿತು. ದಾರಿಗುರುತು ಮೇಲೊಂದು ಬಿಳಿ ಪಟ್ಟಿ, ಕೆಳಗೊಂದು ಕೆಂಪು ಪಟ್ಟಿ. ಇದು ಜಾನ್ ಲ್ವಾಜೋ ಎಂಬುವರ ಯೋಜನೆ. ಊರ ಸುತ್ತಿನ ಸಣ್ಣ ದಾರಿಗಳಿಗೆ ಹಳದಿ. ಎರಡು ಪಟ್ಟಿ ಕತ್ತರಿಯಾಗಿ ಕೂಡಿದ್ದರೆ ಈ ಕಡೆ ಬೇಡ ಎಂದು ಅರ್ಥ. ಈ ಗುರುತು ಹಾಕುವವರು ಸಂಬಳದವರಲ್ಲ, ಸ್ವಯಂಸೇವಕರು. ಬೆನ್ನಚೀಲದಲ್ಲಿ ಎರಡು ಡಬ್ಬಿ ಬಣ್ಣ, ಕುಂಚ, ತಂತಿಬ್ರಷ್, ಕೊಂಬೆ ಕತ್ತರಿಸುವ ಕತ್ತರಿ. ಕಲ್ಲಿನ ಮೇಲಿನ ಪಾಚಿಯನ್ನು ಮೊದಲು ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ. ಬರೆ ನೇರವಾಗಿರಬೇಕು, ಅಂಚು ಸೋರಬಾರದು. ಅಡ್ಡ ಬಂದ ಕೊಂಬೆ ಸವರಬೇಕು. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಮೊದಲ ಬಾರಿ ಬಂದವನ ಕಣ್ಣಿಗೆ ಇದು ಬೀಳುತ್ತದೆಯೇ ಎಂದು ನೋಡಬೇಕು. ಇಡೀ ಕೆಲಸದಲ್ಲಿ ನನಗೆ ಬಹಳ ಇಷ್ಟವಾಗುವುದು ಆ ನಾಲ್ಕು ಹೆಜ್ಜೆ. ದಾರಿ ಗೊತ್ತಿರುವವನು ದಾರಿ ಗೊತ್ತಿಲ್ಲದವನ ಜಾಗದಲ್ಲಿ ನಿಂತು ನೋಡುತ್ತಾನೆ.

ಫೋನಿನಲ್ಲಿ ನಕ್ಷೆ ಇರುವಾಗ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಕಣಿವೆಗಳಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂಬ ಉತ್ತರ ಇದ್ದೇ ಇದೆ. ಅದಕ್ಕಿಂತ ದೊಡ್ಡ ಉತ್ತರ ಬೇರೆ. ಫೋನು ನೀವು ಎಲ್ಲಿದ್ದೀರಿ ಎಂದು ಹೇಳೀತು, ಆದರೆ ಬಿದ್ದ ಮರವನ್ನು ಎತ್ತುವುದಿಲ್ಲ, ಪೊದೆ ಸವರುವುದಿಲ್ಲ, ಕೊಚ್ಚಿಹೋದ ಕಾಲುಸಂಕವನ್ನು ಮತ್ತೆ ಹಾಕುವುದಿಲ್ಲ. ನಕ್ಷೆಯಲ್ಲಿ ದಾರಿ ಉಳಿದು ನೆಲದಲ್ಲಿ ಅಳಿದುಹೋದ ಉದಾಹರಣೆಗಳು ಎಲ್ಲ ದೇಶಗಳಲ್ಲೂ ಇವೆ.

ಆದರೆ ಅದೇ ಫೋನಿನಿಂದ ಒಂದು ಒಳ್ಳೆಯ ಕೆಲಸ ಮಾಡಬಹುದು. ಫ್ರಾನ್ಸಿನಲ್ಲಿ ‘ಸೂರಿಕಾತ್’ ಎಂಬ ವ್ಯವಸ್ಥೆ ಇದೆ. ದಾರಿಯಲ್ಲಿ ಗುರುತು ಮಾಸಿದ್ದು, ಮರ ಅಡ್ಡ ಬಿದ್ದದ್ದು, ಅಪಾಯದ ಜಾಗ ಕಂಡದ್ದು, ಏನೇ ಇದ್ದರೂ ಚಿತ್ರಸಹಿತ ಜಾಗ ಗುರುತಿಸಿ ತಿಳಿಸಿದರೆ ಆ ಭಾಗ ನೋಡಿಕೊಳ್ಳುವವರಿಗೆ ಸುದ್ದಿ ತಲುಪುತ್ತದೆ. ನಮ್ಮವರೂ ಈಗ ಯುರೋಪಿನ ಕೆಲಸದ ಊರುಗಳಿಂದ ರಜೆಗೆ ಇಂಥ ಬೆಟ್ಟಗಳಿಗೆ ಹೋಗುತ್ತಾರೆ. ಹೋದವರು ಸಂಜೆ ತಂಗುಮನೆ ಸೇರಿ, ಬೂಟು ಬಿಚ್ಚಿ, ಫೋಟೊಗಳನ್ನು ಮನೆಯವರಿಗೆ ಕಳಿಸುವ ಮೊದಲು ಐದು ನಿಮಿಷ ಕುಳಿತು, ಆ ದಿನ ತಾವು ತಡವರಿಸಿದ ತಿರುವು ಎಲ್ಲಿತ್ತೆಂದು ಬರೆದು ಕಳಿಸಲಿ.