ಹಬ್ಬದ ದಿನ ದೀಪ ಯಾರ ಕೈಲಿ?

2024ರ ಅಕ್ಟೋಬರ್ 31, ನರಕ ಚತುರ್ದಶಿ. ಬೆಳಿಗ್ಗೆ ಎಣ್ಣೆಸ್ನಾನ ಮಾಡಿದ್ದ ಮಕ್ಕಳೆಲ್ಲ ಸಂಜೆ ದೆವ್ವಗಳಾಗಿ ಬಂದರು. ಆ ವರ್ಷ ದೀಪಾವಳಿಯೂ ಹ್ಯಾಲೋವೀನೂ ಒಂದೇ ದಿನ ಬಿದ್ದಿದ್ದವು. ಹೈದರಾಬಾದಿನ ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ತೆಲುಗು, ಹಿಂದಿ, ಕನ್ನಡ ಎನ್ನದೆ ಎಲ್ಲ ಮನೆಗಳ ಮಕ್ಕಳೂ ಕಪ್ಪು ನಿಲುವಂಗಿ, ಮುಖವಾಡ ತೊಟ್ಟು ಬಾಗಿಲಿಂದ ಬಾಗಿಲಿಗೆ ಚಾಕೊಲೇಟ್ ಕೇಳುತ್ತಾ ಓಡಾಡಿದರು. ಅದು ಮುಗಿದದ್ದೇ ಅದೇ ವೇಷದಲ್ಲಿ ಪಟಾಕಿಗೆ ಇಳಿದರು.

ಹೂಕುಂಡದ ಪಕ್ಕ ನಿಂತಿದ್ದ ಹುಡುಗಿಯೊಬ್ಬಳ ನೈಲಾನ್ ಮೇಲಂಗಿಗೆ ಕಿಡಿ ಹಾರಿತು. ಬಟ್ಟೆ ಉರಿಯುವ ಬದಲು ಕರಗಿ ಅಂಟತೊಡಗಿತು. ವಾಚ್‌ಮನ್ ಓಡಿ ಬಂದು ಅದನ್ನು ಕಿತ್ತೆಸೆದ. ಕತ್ತಿನ ಹತ್ತಿರ ರೂಪಾಯಿ ಅಗಲದ ಬೊಬ್ಬೆ ಎದ್ದು, ಅಷ್ಟರಲ್ಲೇ ಕಳೆಯಿತು. ಸುತ್ತ ಮೂವತ್ತು ಜನ ದೊಡ್ಡವರಿದ್ದೆವು. ನಾನಂತೂ ಎರಡು ಮಾರು ದೂರದಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದೆ.

ಹತ್ತು ಜನ ಸೇರಿದಲ್ಲಿ ಹಾವು ಸಾಯದು ಅನ್ನುತ್ತಾರೆ. ಒಬ್ಬನೇ ಇದ್ದರೆ ಕೋಲು ಹುಡುಕುತ್ತಾನೆ. ಹತ್ತು ಜನ ಇದ್ದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮನೆಯಲ್ಲಿ ಒಲೆ ಹತ್ತಿರ ಮಗು ಬಂದರೆ ಗದರುವ ನಾವೇ, ಗುಂಪಿನಲ್ಲಿ ನಿಂತಾಗ ಯಾರೋ ನೋಡಿಕೊಳ್ಳುತ್ತಾರೆ ಎಂದು ಹಗುರಾಗಿಬಿಡುತ್ತೇವೆ.

ರಾತ್ರಿ ಸಾಗರದಲ್ಲಿರುವ ಅಮ್ಮನಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅಮ್ಮ ಕೇಳಿದ್ದು ಒಂದೇ ಮಾತು: "ದೀಪ ಯಾರ ಕೈಲಿತ್ತೋ?"

ಮಲೆನಾಡಿನವರಿಗೆ ಆ ಪ್ರಶ್ನೆ ತಕ್ಷಣ ಅರ್ಥವಾಗುತ್ತದೆ. ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ಹಾಡುತ್ತಾ ಮನೆಮನೆಗೆ ದೀಪ ಒಯ್ಯುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತಮ್ಮ ದೀಪ ಹಚ್ಚಿಕೊಂಡು, ಅಕ್ಕಿಯನ್ನೋ ದುಡ್ಡನ್ನೋ ಕೊಟ್ಟು ಕಳಿಸುತ್ತಾರೆ. ಕತ್ತಲಲ್ಲಿ ಮನೆಮನೆಗೆ ಹೋಗುವ ಹಬ್ಬ ನಮಗೇನೂ ಅಮೆರಿಕದಿಂದ ಬರಬೇಕಾಗಿರಲಿಲ್ಲ. ಆದರೆ ಆ ತಂಡಕ್ಕೊಂದು ಕಟ್ಟುಪಾಡಿತ್ತು: ದೀಪ ಆರಬಾರದು. ಹಾಡುವವರು ಎಷ್ಟೇ ಮೈಮರೆತರೂ ದೀಪ ಹಿಡಿದವನು ಮೈಮರೆಯುವ ಹಾಗಿಲ್ಲ. ಅವನು ಯಾರೆಂಬುದು ಹೊರಡುವ ಮೊದಲೇ ಗೊತ್ತಿರುತ್ತಿತ್ತು.

ನಾವು ಬೆಳೆಸಿಕೊಳ್ಳಬೇಕಾದ ಅಭ್ಯಾಸ ಇದೇ. "ಎಲ್ಲರೂ ಹುಷಾರಾಗಿರಿ" ಎಂದು ವಾಟ್ಸಾಪಿನಲ್ಲಿ ಹಾಕಿದರೆ ಯಾರೂ ಹುಷಾರಾಗಿರುವುದಿಲ್ಲ. "ಏಳೂವರೆಯಿಂದ ಎಂಟರವರೆಗೆ ಅಂಗಳ ನಿಮ್ಮದು" ಎಂದು ಹೆಸರು ಹಿಡಿದು ಹೇಳಿದರೆ ಆ ಒಬ್ಬರಾದರೂ ಕಣ್ಣು ತೆರೆದಿರುತ್ತಾರೆ. ಪಾಳಿ ಅರ್ಧ ಗಂಟೆಯದ್ದಾಗಿರಲಿ. ಅದಕ್ಕಿಂತ ಹೆಚ್ಚಾದರೆ ಗಮನವೂ ಜಾರುತ್ತದೆ, ಹಬ್ಬವೂ ತಪ್ಪಿಹೋಗುತ್ತದೆ. ಪಾಳಿಯಲ್ಲಿರುವವರ ಮೊಬೈಲ್ ಜೇಬಿನಲ್ಲಿರಬೇಕು.

ಪಾಳಿಯವರು ನೋಡಬೇಕಾದ್ದು ಏನು? ಮೊದಲು ಬಟ್ಟೆ. ವೇಷದ ಬಟ್ಟೆ ತೆಗೆದು ಹತ್ತಿಯದ್ದು ಹಾಕಿಕೊಳ್ಳದೆ ಪಟಾಕಿ ಹತ್ತಿರ ಸುಳಿಯುವಂತಿಲ್ಲ. ಸುರುಸುರುಬತ್ತಿಯನ್ನು ನಾವು ಪುಟ್ಟ ಕೈಗಳಿಗೆ ಧೈರ್ಯವಾಗಿ ಕೊಡುತ್ತೇವೆ. ಅದರ ತುದಿಯ ಬಿಸಿ ಸಾವಿರ ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಹೋಗುತ್ತದೆ. ಉರಿದ ಕಡ್ಡಿ ನೆಲಕ್ಕೆ ಬೀಳದೆ ನೀರಿನ ಬಕೆಟ್ಟಿಗೆ ಹೋಗಲಿ. ಹೊತ್ತಿಕೊಳ್ಳದ ಪಟಾಕಿಯ ಮೇಲೆ ಬಗ್ಗಿ ನೋಡುವುದು ಬೇಡ. ಕೈಗೆ ಸ್ಯಾನಿಟೈಜರ್ ಹಚ್ಚಿಕೊಂಡು ದೀಪ ಮುಟ್ಟುವುದೂ ಬೇಡ, ಅದರಲ್ಲಿರುವುದು ಆಲ್ಕೋಹಾಲ್. ಸಿಡಿಸುವುದಕ್ಕೂ ಒಂದು ಹೊತ್ತಿದೆ: ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10 ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತ್ತು.

ಹ್ಯಾಲೋವೀನಿನ ಅಪಾಯವೇ ಬೇರೆ. ಅಲ್ಲಿ ಭಯ ಬೆಂಕಿಗಿಂತ ಕಾರಿನದ್ದು. ಕಪ್ಪು ಬಟ್ಟೆಯ ಮಗು ಬೇಸ್‌ಮೆಂಟಿನ ಇಳಿಜಾರಿನಲ್ಲಿ ಡ್ರೈವರಿಗೆ ಕಾಣುವುದಿಲ್ಲ. ಮುಖವಾಡದ ತೂತಿನೊಳಗಿನಿಂದ ಮಗುವಿಗೆ ಪಕ್ಕದ ಕಾರೂ ಕಾಣುವುದಿಲ್ಲ. ಮಕ್ಕಳು ಮನೆಮನೆ ಸುತ್ತುವಷ್ಟು ಹೊತ್ತು ಒಂದೇ ಗೇಟು ತೆರೆದಿರಲಿ. ಮುಖವಾಡದ ಬದಲು ಮುಖಕ್ಕೆ ಬಣ್ಣ, ಬೆನ್ನಿಗೆ ಬೆಳಕಿಗೆ ಹೊಳೆಯುವ ಪಟ್ಟಿ, ಸಿಹಿಗುಂಬಳದೊಳಗೆ ಮೊಂಬತ್ತಿಯ ಬದಲು ಪುಟ್ಟ ಎಲ್‌ಇಡಿ ದೀಪ ಇದ್ದರೆ ದೆವ್ವದ ಗತ್ತೇನೂ ಕಡಿಮೆಯಾಗುವುದಿಲ್ಲ. ತೀರಾ ಚಿಕ್ಕ ಮಕ್ಕಳ ಬುಟ್ಟಿಯಿಂದ ಗಟ್ಟಿ ಪೆಪ್ಪರ್‌ಮೆಂಟ್ ತೆಗೆದಿಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕಡಲೆಕಾಯಿ ಆಗದ ಮಕ್ಕಳಿದ್ದಾರೆಯೇ ಎಂದು ಮನೆಯವರನ್ನು ಮೊದಲೇ ಕೇಳಿಡಿ.

ಇಷ್ಟಾದರೂ ಏನಾದರೂ ಆಯಿತೆನ್ನಿ. ಅಂದು ಆ ಹುಡುಗಿಗೆ ಒಬ್ಬರು ಟೂತ್‌ಪೇಸ್ಟ್ ತಂದರು, ಇನ್ನೊಬ್ಬರು ಐಸ್ ತಂದರು, ಮತ್ತೊಬ್ಬರು ಅರಿಸಿನ ಅಂದರು. ಮೂರೂ ತಪ್ಪು. ಸುಟ್ಟ ಜಾಗವನ್ನು ತಣ್ಣಗೆ ಹರಿಯುವ ನಲ್ಲಿ ನೀರಿನಡಿ ಇಪ್ಪತ್ತು ನಿಮಿಷ ಹಿಡಿಯಬೇಕು. ಗಾಯಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬಾರದು, ಬೊಬ್ಬೆ ಒಡೆಯಬಾರದು. ಕಣ್ಣಿಗೆ ಏಟು ಬಿದ್ದರೆ ಉಜ್ಜಬಾರದು. ಏನಾದರೂ ಚುಚ್ಚಿಕೊಂಡಿದ್ದರೆ ಕೀಳದೆ, ಒತ್ತದೆ, ಮೇಲೊಂದು ಕಾಗದದ ಲೋಟ ಮರೆಯಾಗಿಟ್ಟು ಆಸ್ಪತ್ರೆಗೆ ಹೊರಡಬೇಕು. ಪ್ರತಿ ದೀಪಾವಳಿಯ ರಾತ್ರಿ ಮೆಹದಿಪಟ್ನಂನ ಸರೋಜಿನಿ ದೇವಿ ಕಣ್ಣಾಸ್ಪತ್ರೆಗೆ ಇಂಥವರು ಬರುತ್ತಲೇ ಇರುತ್ತಾರೆ. ಪಟಾಕಿ ಹಚ್ಚಿದವರಷ್ಟೇ ಅಲ್ಲ, ಪಕ್ಕದಲ್ಲಿ ನಿಂತು ನೋಡುತ್ತಿದ್ದವರೂ ಬರುತ್ತಾರೆ. ಆಂಬುಲೆನ್ಸಿನ 108 ಸೇವೆ 2005ರಲ್ಲಿ ಶುರುವಾದದ್ದು ಇದೇ ಹೈದರಾಬಾದಿನಲ್ಲಿ. ಆ ಸಂಖ್ಯೆ ಮಕ್ಕಳಿಗೂ ಬಾಯಿಪಾಠವಾಗಿರಲಿ.

ಮರುವರ್ಷ ದೀಪಾವಳಿ ಅಕ್ಟೋಬರ್ 20ಕ್ಕೆ ಬಂತು. ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಪಾಳಿಯ ಹೆಸರುಗಳನ್ನು ಬರೆದೆವು. 8ರಿಂದ ಎಂಟೂವರೆ ನನ್ನದು. ಕತ್ತಿನ ಬಳಿ ಇನ್ನೂ ಮಸುಕು ಕಲೆಯಿದ್ದ ಅದೇ ಹುಡುಗಿ ಬೋರ್ಡ್ ಓದಿ, ಬಂದು ನನ್ನ ಪಕ್ಕದಲ್ಲೇ ನಿಂತಳು.

"ಅಂಕಲ್, ವಿಡಿಯೊ ಮಾಡಲ್ವಾ?"

"ಎಂಟೂವರೆ ಆಗಲಮ್ಮಾ."

ಮೇಲೆ ರಾಕೆಟ್ ಒಡೆದಾಗಲೆಲ್ಲ ಜನ ಹೋ ಎಂದರು. ಏನು ಬಣ್ಣ ಬಂತೋ ನಾನು ನೋಡಲಿಲ್ಲ. ಆ ಅರ್ಧ ಗಂಟೆ ನಾನು ನೋಡಿದ್ದು ಮಕ್ಕಳ ಕಾಲುಗಳನ್ನು, ಅವರ ಲಂಗದ ಅಂಚುಗಳನ್ನು, ನೆಲದ ಮೇಲೆ ಓಡುವ ಕಿಡಿಗಳನ್ನು.