ಉಪಶಮನಕ್ಕೆ ಕಾಲವಾವುದು?

ಕ್ಯಾನ್ಸರ್ ರೋಗವು ಬಲಿತು ಇತರ ಅಂಗಗಳಿಗೂ ವ್ಯಾಪಿಸಿತೆಂದು ವೈದ್ಯರು ತಿಳಿಸಿದೊಡನೆ ನಮ್ಮ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಪ್ರಾರಬ್ಧವನ್ನು ಅನುಭವಿಸಿಯೇ ತೀರಬೇಕೆಂಬುದು ಒಂದು. ನೋವು, ಉಬ್ಬಸ, ಕಳವಳಗಳನ್ನು ತಗ್ಗಿಸುವ ಉಪಶಮನ ಚಿಕಿತ್ಸೆಯೆಂದರೆ ಆಸೆ ಬಿಟ್ಟಂತೆ, ಆ ಮಾತು ಈಗಲೇ ಬೇಡವೆಂಬುದು ಮತ್ತೊಂದು.

ಮೊದಲನೆಯದಕ್ಕೆ ದೀರ್ಘ ಚರ್ಚೆ ಬೇಕಿಲ್ಲ. ಜ್ವರಕ್ಕೆ ಕಷಾಯ ಕುಡಿಸುವಾಗ ಅಡ್ಡಬಾರದ ಪ್ರಾರಬ್ಧವು ಮಾರ್ಫೀನ್ ಕೊಡುವಾಗ ಮಾತ್ರ ಏಕೆ ಅಡ್ಡಬರಬೇಕು? ಧನ್ವಂತರಿಯು ಶ್ರೀಹರಿಯ ರೂಪವೆಂದು ಪೂಜಿಸುವವರು ನಾವು.

ಎರಡನೆಯದು ವಿಚಾರಾರ್ಹ. ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, ಬಲಿತ ಶ್ವಾಸಕೋಶದ ಕ್ಯಾನ್ಸರ್ ಹೊಸದಾಗಿ ಪತ್ತೆಯಾದ 151 ರೋಗಿಗಳನ್ನು ಎರಡು ಗುಂಪು ಮಾಡಿದರು. ವಾಡಿಕೆಯ ಚಿಕಿತ್ಸೆ ಎಲ್ಲರಿಗೂ ನಡೆಯಿತು; ಒಂದು ಗುಂಪಿಗೆ ಆರಂಭದಿಂದಲೇ ಉಪಶಮನ ತಜ್ಞರ ಆರೈಕೆಯೂ ದೊರೆಯಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಗುಂಪಿನಲ್ಲಿ ಖಿನ್ನರಾದವರು ಕಡಿಮೆ, ದಿನಗಳು ಹೆಚ್ಚು ಸಹನೀಯ. ಅಂತ್ಯಕಾಲದಲ್ಲಿ ಉಗ್ರ ಚಿಕಿತ್ಸೆಗೊಳಗಾದವರೂ ಕಡಿಮೆ. ಆದರೂ ಅವರ ಮಧ್ಯಕ ಆಯುಸ್ಸು 11.6 ತಿಂಗಳು, ಉಳಿದವರದು 8.9. ಎಲ್ಲ ಅಧ್ಯಯನಗಳಲ್ಲಿಯೂ ಆಯುಸ್ಸು ಹೆಚ್ಚಿಲ್ಲವೆಂಬುದನ್ನೂ ಹೇಳಬೇಕು. ನಮಗೆ ಮುಖ್ಯವಾಗಿ ತೋರುವುದು ಆ ತಿಂಗಳುಗಳ ಲೆಕ್ಕವಲ್ಲ. ನೋವಿನಿಂದ ನರಳುವವನಿಗೆ ನಾಮಸ್ಮರಣೆಗೂ ಮನಸ್ಸು ನಿಲ್ಲದು. ರಾತ್ರಿ ನಿದ್ರೆ ಬಂದವನು ಬೆಳಗ್ಗೆ ಎದ್ದು ಕುಳಿತು ಮಕ್ಕಳೊಡನೆ ನಾಲ್ಕು ಮಾತನಾಡಬಲ್ಲನು.

ಕಠಿಣವಾದುದು ಬೇರೆ ಇದೆ. ಈ ಆರೈಕೆ ಬೇಗ ತೊಡಗಬೇಕಾದರೆ ರೋಗಿಗೆ ನಿಜ ತಿಳಿಯಬೇಕು. ನಾವೋ, ಪ್ರೀತಿಯಿಂದಲೇ, ಹಿರಿಯರಿಂದ ರೋಗದ ಹೆಸರನ್ನೂ ಮರೆಮಾಡುತ್ತೇವೆ. ಎಷ್ಟು ತಿಳಿಯಬೇಕೆಂದು ಅವರನ್ನೇ ಮೆಲ್ಲನೆ ಕೇಳಬಾರದೇ? ಮುನಿದ ತಮ್ಮನೊಡನೆ ಮಾತನಾಡಲು, ಹರಕೆ ತೀರಿಸಲು ಅವರಿಗೂ ಕಾಲ ಬೇಕಲ್ಲವೇ?